‘ಫಿಸಿಕ್ಸ್ ಬರಲ್ಲ, ಬಾಹ್ಯಾಕಾಶದ ಆಟ ಆಡಬಹುದಾ?’

ಪ್ರಶ್ನೆ: ಡ್ರ್ಯಾಗನ್ನು, ಮಂತ್ರ, ಕತ್ತಿ ಇರುವ ರೋಲ್‌ಪ್ಲೇ ಆಟವನ್ನು ಗೆಳೆಯರ ಜೊತೆ ಒಂದೆರಡು ಸಲ ಆಡಿದ್ದೇನೆ. ಬಾಹ್ಯಾಕಾಶದ ಆಟ ಶುರು ಮಾಡುವ ಆಸೆ ಇದೆ. ಆದರೆ ನಾನು ಓದಿದ್ದು ಕಾಮರ್ಸ್. ಫಿಸಿಕ್ಸ್ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗೀತು. ಮೊದಲು ಏನೇನು ಓದಿಕೊಳ್ಳಬೇಕು?

ಉತ್ತರ: ಏನೂ ಓದಿಕೊಳ್ಳಬೇಡಿ.

ಇಷ್ಟೇ ಬರೆದು ಪೆನ್ನು ಕೆಳಗಿಡಬಹುದಿತ್ತು. ಆದರೆ ಇದೇ ಪ್ರಶ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸುವುದನ್ನೂ ಬಿಟ್ಟಿದ್ದೇನೆ. ಕೇಳುವವರು ಬೇರೆ ಬೇರೆ, ಹೆದರಿಕೆ ಮಾತ್ರ ಒಂದೇ. ಈ ಸಲ ಬುಡ ಸಮೇತ ಕಿತ್ತುಹಾಕೋಣ.

ಮೊದಲು ಬೇಕಾದ ಸಾಮಾನು. ನಾಲ್ಕೈದು ಜನ, ಪೆನ್ಸಿಲ್ಲು, ಹಾಳೆ, ಮೂರು ಗಂಟೆ ಪುರುಸೊತ್ತು. ಒಬ್ಬರು ರೆಫರಿ, ಅಂದರೆ ಲೋಕವನ್ನೂ ಅದರಲ್ಲಿರುವ ಉಳಿದೆಲ್ಲರನ್ನೂ ನಡೆಸುವವರು. ಮಿಕ್ಕವರಿಗೆ ತಲಾ ಒಂದು ಪಾತ್ರ. ತಾಳಮದ್ದಳೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾದ್ದೇ ಇಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತು. ಅಲ್ಲಿ ಕರ್ಣ ಕೊನೆಗೆ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ದಾಳ ಹೇಳಬೇಕು. ದಾಳವೂ ಮನೆಯ ಲೂಡೋ ಡಬ್ಬಿಯಲ್ಲಿರುವಂಥದ್ದೇ, ಆರು ಮುಖದ್ದು ಎರಡು. ಇಪ್ಪತ್ತು ಮುಖದ ಹೊಳೆಯುವ ದಾಳಕ್ಕೆ ದುಡ್ಡು ಸುರಿಯಬೇಡಿ.

ಈಗ ವಿಜ್ಞಾನದ ಭೂತಕ್ಕೆ ಬರೋಣ. ಡ್ರ್ಯಾಗನ್ ಆಟ ಆಡುವಾಗ, ಅಷ್ಟು ಭಾರದ ಪ್ರಾಣಿ ಅಷ್ಟಗಲದ ರೆಕ್ಕೆಯಲ್ಲಿ ಹೇಗೆ ಹಾರುತ್ತದೆ ಎಂದು ನೀವು ಕೇಳಿದಿರಾ? ಹೊಟ್ಟೆಯೊಳಗೆ ಬೆಂಕಿ ಎಲ್ಲಿಟ್ಟುಕೊಳ್ಳುತ್ತದೆ ಎಂದು? ಇಲ್ಲ. ಉಗುಳಿತು, ಓಡಿದಿರಿ. ಅದೇ ನೀವು ರಾಕೆಟ್ಟು ಕಂಡ ಕೂಡಲೇ ಪರೀಕ್ಷಾ ಹಾಲ್‌ನಲ್ಲಿ ಕೂತವರ ಹಾಗೆ ಬೆವರುವುದೇಕೆ? ‘ವಿಜ್ಞಾನ ಕಾದಂಬರಿ’ ಎಂಬ ಹೆಸರಿನಲ್ಲಿ ‘ವಿಜ್ಞಾನ’ ಇದೆ ಅಂತ, ಅಷ್ಟೇ. ‘ಕಾದಂಬರಿ’ಯೂ ಅದೇ ಹೆಸರಿನಲ್ಲಿದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಉದಾಹರಣೆಗೆ ಈ ಬಗೆಯ ಹಳೇ ಹುಲಿಯನ್ನೇ ತಗೊಳ್ಳಿ: ‘ಟ್ರಾವೆಲರ್’. 1977ರಲ್ಲಿ ಅಮೆರಿಕದ ಇಲಿನಾಯ್‌ ರಾಜ್ಯದ ನಾರ್ಮಲ್ ಎಂಬ ಊರಿನಿಂದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಹೊರತಂದದ್ದು. ರೂಪಿಸಿದವರು ಮಾರ್ಕ್ ಮಿಲ್ಲರ್. ಒಂದು ಪೆಟ್ಟಿಗೆ, ಅದರೊಳಗೆ ಮೂರು ಚಿಕ್ಕ ಕಪ್ಪು ಪುಸ್ತಕ. ಡ್ರ್ಯಾಗನ್ ಆಟಗಳ ಹಿರಿಯಣ್ಣ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದದ್ದು 1974ರಲ್ಲಿ, ಅಂದರೆ ಇದು ಅದರ ಬೆನ್ನಿಗೇ ಬಂದ ತಮ್ಮ. ‘ಗಂಭೀರ ವಿಜ್ಞಾನದ ಆಟ’ ಎಂದು ಇದಕ್ಕೆ ದೊಡ್ಡ ಹೆಸರಿದೆ. ಆ ಗಂಭೀರ ವಿಜ್ಞಾನ ಎಷ್ಟಿದೆ ನೋಡಿ.

ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಲು ‘ಜಂಪ್’. ಜಂಪ್‌ಗೆ ಒಂದು ವಾರ ಹಿಡಿಯುತ್ತದೆ. ಹತ್ತಿರಕ್ಕೆ ಹಾರಿದರೂ ವಾರ, ದೂರಕ್ಕೆ ಹಾರಿದರೂ ವಾರ. ಹೇಗೆ ಕೆಲಸ ಮಾಡುತ್ತದೆ? ಮಾಡುತ್ತದೆ, ಅಷ್ಟೇ! ಗ್ರಹದಿಂದ ಗ್ರಹಕ್ಕೆ ಹೋಗುವಾಗ ಮಾತ್ರ ಒಂದು ಸೂತ್ರ ಬರುತ್ತದೆ. ಅರ್ಧ ದಾರಿ ವೇಗ ಹೆಚ್ಚಿಸಿ, ಹಡಗು ತಿರುಗಿಸಿ, ಉಳಿದರ್ಧ ವೇಗ ಇಳಿಸುವ ಲೆಕ್ಕ. ಒಂದು ಜಿ, ಅಂದರೆ ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷದಲ್ಲಿ, ಹತ್ತು ಲಕ್ಷ ಕಿಲೋಮೀಟರಿಗೆ ಐದೂವರೆ ಗಂಟೆ ಚಿಲ್ಲರೆ. ಅದನ್ನೂ ನೀವು ಬಿಡಿಸಬೇಕಿಲ್ಲ, ಪಕ್ಕದಲ್ಲೇ ಕೋಷ್ಟಕ ಇದೆ. ರೈಲ್ವೆ ಟೈಮ್‌ಟೇಬಲ್ ನೋಡಲು ಬಂದರೆ ಇದೂ ಬರುತ್ತದೆ.

ನಮ್ಮ ಮೇಜಿಗೆ ಒಬ್ಬ ಫಿಸಿಕ್ಸ್ ಮೇಷ್ಟ್ರು ಬರುತ್ತಿದ್ದರು. ಮೊದಲ ದಿನವೇ, ತಿರುಗುವ ನಿಲ್ದಾಣಕ್ಕೆ ಹಡಗನ್ನು ಯಾವ ಕೋನದಲ್ಲಿ ತಂದು ತಾಗಿಸಬೇಕು ಎಂದು ನಲವತ್ತು ನಿಮಿಷ ವಾದ ಹೂಡಿದರು. ಅವರು ಹೇಳಿದ್ದೆಲ್ಲ ಸರಿಯೇ ಇದ್ದಿರಬೇಕು. ಆದರೆ ಅಷ್ಟರಲ್ಲಿ ಚುರುಮುರಿ ಮೆತ್ತಗಾಗಿತ್ತು, ನಮ್ಮ ಬೆನ್ನಟ್ಟಿ ಬರುತ್ತಿದ್ದ ಕಳ್ಳರ ಹಡಗು ಎಲ್ಲರಿಗೂ ಮರೆತೇ ಹೋಗಿತ್ತು. ಜಾಸ್ತಿ ಗೊತ್ತಿದ್ದವರೇ ಆಟ ಕೆಡಿಸುತ್ತಾರೆ ಎಂದಲ್ಲ. ಮೇಷ್ಟ್ರು ಈಗಲೂ ಬರುತ್ತಾರೆ, ಹಡಗಿನ ಅಡುಗೆಭಟ್ಟನ ಪಾತ್ರ ಮಾಡುತ್ತಾರೆ, ಅವರಷ್ಟು ನಗಿಸುವವರು ಇನ್ನೊಬ್ಬರಿಲ್ಲ.

ಹಾಗಾದರೆ ಆಟವೆಲ್ಲ ನಿಂತಿರುವುದು ಯಾವುದರ ಮೇಲೆ? ಇಲ್ಲಿ ಕಾಮರ್ಸ್ ಓದಿದವರು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ನಿಂತಿರುವುದು ಸಾಲದ ಮೇಲೆ.

ಮೂಲ ನಿಯಮಗಳಲ್ಲಿ 200 ಟನ್ನಿನ ಸಾಧಾರಣ ವ್ಯಾಪಾರಿ ಹಡಗಿನ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್ (ಆ ಲೋಕದ ದುಡ್ಡು). ಶೇ. 20 ಮುಂಗಡ ಕಟ್ಟಬೇಕು. ಆಮೇಲೆ ಪ್ರತಿ ತಿಂಗಳೂ ಬೆಲೆಯ 240ನೇ ಒಂದು ಭಾಗ, 480 ತಿಂಗಳು. ನಲವತ್ತು ವರ್ಷದ ಇಎಂಐ! ತಿಂಗಳ ಕಂತು 1,54,500. ಎಲ್ಲ ತೀರುವ ಹೊತ್ತಿಗೆ ಅಸಲಿ ಬೆಲೆಯ 2.2 ಪಟ್ಟು ಕಟ್ಟಿರುತ್ತೀರಿ. ಆದಾಯ ನೋಡಿ: ಸರಕಿಗೆ ಜಾಗ 82 ಟನ್, ಒಂದು ಟನ್ನಿಗೆ ಬಾಡಿಗೆ 1,000. ಜಂಪ್‌ಗೊಂದು ವಾರ, ಬಂದರಿನಲ್ಲಿ ಇಳಿಸಿ ಏರಿಸಲು ಇನ್ನೊಂದು ವಾರ, ಹಾಗಾಗಿ ತಿಂಗಳಿಗೆ ಎರಡೇ ಟ್ರಿಪ್ಪು. ಹಡಗು ಎರಡೂ ಸಲ ಭರ್ತಿಯಾದರೆ 1,64,000. ಕಂತು ಕಟ್ಟಿದರೆ ಕೈಯಲ್ಲಿ ಉಳಿಯುವುದು 9,500. ಪೈಲಟ್ಟಿನ ಸಂಬಳವೇ 6,000. ಇಂಧನಕ್ಕೆಲ್ಲಿ?

ಇಂಧನದಲ್ಲಿ ಎರಡು ಬಗೆ. ಶುದ್ಧ ಮಾಡಿದ್ದು ಟನ್ನಿಗೆ 500, ಮಾಡದ್ದು 100. ಅಗ್ಗದ್ದು ತುಂಬಿಸಿದರೆ ಜಂಪ್ ದಾರಿ ತಪ್ಪಿ ಎಲ್ಲೋ ಹೋಗಿ ಬೀಳುವ ಅಪಾಯ. ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಮೇಲ್ದರ್ಜೆಗೆ 10,000, ತೀರಾ ಕೆಳದರ್ಜೆಗೆ 1,000. ಆ ಕೆಳದರ್ಜೆಯಲ್ಲಿ ಪ್ರಯಾಣಿಕನನ್ನು ಹೆಪ್ಪುಗಟ್ಟಿಸಿ ಮಲಗಿಸುತ್ತಾರೆ. ಆ ಕಡೆ ಹೋಗಿ ಎಬ್ಬಿಸುವಾಗ ಎದ್ದಾನೋ ಇಲ್ಲವೋ ದಾಳ ಹಾಕಿ ನೋಡಬೇಕು. ಎಷ್ಟು ಜನ ಏಳುತ್ತಾರೆಂದು ಆ ಪ್ರಯಾಣಿಕರಲ್ಲೇ ಲಾಟರಿ ನಡೆಯುವ ನಿಯಮ ಕೂಡ ಪುಸ್ತಕದಲ್ಲಿದೆ. ಕಂತು ತಪ್ಪಿಸಿ ಹಡಗು ಸಮೇತ ಪರಾರಿಯಾದವರನ್ನು ಹಿಡಿಯಲು ಬರುವವರಿಗೂ ನಿಯಮವಿದೆ.

ಮುಂದಿನ ತಿಂಗಳ ಕಂತಿಗೆ ದುಡ್ಡಿಲ್ಲ. ಬಂದರಿನ ಬಾರಿನಲ್ಲಿ ಯಾರೋ ಬಂದು, ಒಳಗೇನಿದೆ ಎಂದು ಕೇಳದೆ ಈ ಪೆಟ್ಟಿಗೆ ಮುಟ್ಟಿಸಿದರೆ ಇಪ್ಪತ್ತು ಸಾವಿರ ಕೊಡುತ್ತೇನೆ ಅನ್ನುತ್ತಾನೆ. ಕಥೆ ಶುರುವಾಗುವುದು ಅಲ್ಲಿ. ನ್ಯೂಟನ್ನನ ಮೂರನೇ ನಿಯಮದಿಂದಲ್ಲ. ಗೃಹಸಾಲ ತೀರಿಸಿದವರು, ಚೀಟಿ ನಡೆಸಿದವರು, ಕಿರಾಣಿ ಅಂಗಡಿಯಲ್ಲಿ ಅಪ್ಪನ ಜೊತೆ ಕೂತವರು ಈ ಆಟವನ್ನು ನಮ್ಮ ಎಂಜಿನಿಯರುಗಳಿಗಿಂತ ಚೆನ್ನಾಗಿ ಆಡುವುದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಸಣ್ಣ ನಿಯಮ, ನನಗೆ ಬಹಳ ಇಷ್ಟದ್ದು. ಈ ಲೋಕದಲ್ಲಿ ಸುದ್ದಿ ಹಡಗಿಗಿಂತ ಬೇಗ ಹೋಗುವುದಿಲ್ಲ. ಫೋನಿಲ್ಲ, ರೇಡಿಯೋ ಆ ದೂರಕ್ಕೆ ಆಗುವುದಿಲ್ಲ, ಕಾಗದ ಹೊತ್ತು ಹಡಗೇ ಹೋಗಬೇಕು. ಊರಲ್ಲಿ ದಂಗೆಯಾದದ್ದು ನಿಮಗೆ ಗೊತ್ತಾಗುವುದು ವಾರಗಳ ಮೇಲೆ. ನೀವು ಮಾಡಿದ ಕಳ್ಳತನದ ಸುದ್ದಿಯೂ ನಿಮ್ಮ ಹಿಂದಿನ ಹಡಗಿನಲ್ಲೇ ಬರುತ್ತಿರುತ್ತದೆ. ಟಪಾಲಿಗೆ ಕಾದು ಕೂರುತ್ತಿದ್ದ ಕಾಲದ ಕಥೆ ಅಜ್ಜಿಯಿಂದ ಕೇಳಿದ್ದರೆ ಇದರ ರುಚಿ ಹತ್ತುತ್ತದೆ.

ಗ್ರಹಗಳ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ದಾಳ ಹಾಕಿದರೆ ಒಂದು ಸಾಲಿನ ಸಂಕೇತ ಸಿಗುತ್ತದೆ: ಬಂದರು, ಗಾತ್ರ, ಗಾಳಿ, ನೀರು, ಜನ, ಸರಕಾರ, ಕಾನೂನಿನ ಬಿಗಿ, ತಂತ್ರಜ್ಞಾನ. ಗಾತ್ರ 8 ಎಂದರೆ ಎಂಟು ಸಾವಿರ ಮೈಲಿ ವ್ಯಾಸ, ಹೆಚ್ಚುಕಡಿಮೆ ನಮ್ಮ ಭೂಮಿ. ಗಾಳಿ 7 ಎಂದರೆ ಉಸಿರಾಡಬಹುದು, ಆದರೆ ಕಲುಷಿತ, ಮುಖಕ್ಕೆ ಫಿಲ್ಟರ್ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಅಭ್ಯಾಸ ಇರುವವರಿಗೆ ಇದನ್ನು ಬಿಡಿಸಿ ಹೇಳುವುದಿಲ್ಲ.

ಪಾತ್ರ ಕಟ್ಟುವುದೇ ಒಂದು ಆಟ. ಹದಿನೆಂಟಕ್ಕೆ ನೌಕಾಪಡೆಗೋ ಸೇನೆಗೋ ವ್ಯಾಪಾರಕ್ಕೋ ಸೇರುತ್ತೀರಿ. ನಾಲ್ಕು ವರ್ಷಕ್ಕೊಂದು ಅವಧಿ. ಪ್ರತಿ ಅವಧಿಗೂ ಬದುಕಿದಿರಾ, ಬಡ್ತಿ ಸಿಕ್ಕಿತಾ, ಏನು ಕಲಿತಿರಿ ಎಂದು ದಾಳ. 34 ಮುಟ್ಟಿದರೆ ಮುಪ್ಪಿನ ಲೆಕ್ಕವೂ ಶುರು. 1977ರ ನಿಯಮದಲ್ಲಿ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗಬಹುದು. ಜನ ಇದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. ಈಚಿನ ಆವೃತ್ತಿಗಳಲ್ಲಿ ಸಾವಿನ ಬದಲು ಏನಾದರೊಂದು ಅವಘಡ. ಹೇಗೂ ಕೊನೆಗೆ ನಿಮ್ಮ ಕೈಗೆ ಬರುವುದು ಮೀಸೆ ಚಿಗುರುತ್ತಿರುವ ವೀರನಲ್ಲ, ಸೊಂಟ ನೋವಿನ ನಿವೃತ್ತ. ಅದೇ ಇದರ ಚೆಂದ.

ಗೆಲುವು ಸೋಲಿನ ಲೆಕ್ಕ ಸರಳ. ಸಾಮಾನ್ಯವಾಗಿ ಎರಡು ದಾಳದ ಮೊತ್ತ 8 ಅಥವಾ ಹೆಚ್ಚು ಬಂದರೆ ಆಯಿತು. ಮೊತ್ತಕ್ಕೆ ಕೂಡಿಸುವುದು ಕಳೆಯುವುದು ಏನೂ ಇಲ್ಲದಿದ್ದರೆ 36ರಲ್ಲಿ 15 ಸಲ ಬೀಳುತ್ತದೆ. ಆ ಕೆಲಸದ ಕೌಶಲವನ್ನು ಮೊತ್ತಕ್ಕೆ ಕೂಡಿಸಬೇಕು: 1 ಇದ್ದರೆ 21 ಸಲ, 2 ಇದ್ದರೆ 26 ಸಲ. ಪಗಡೆ ಆಡಿದ ಕೈಗಳಿಗೆ ಸಾಕು.

ಇಷ್ಟೂ ಬೇಡ, ಈ ಭಾನುವಾರವೇ ಆಡಬೇಕು ಎನ್ನುವವರು ಜಾನ್ ಹಾರ್ಪರ್ ಅವರ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ತೆಗೆದುಕೊಳ್ಳಿ. ಒಂದೇ ಹಾಳೆ, ಉಚಿತ. 2ರಿಂದ 5ರೊಳಗೆ ಒಂದು ಅಂಕಿ ಆರಿಸಿಕೊಳ್ಳುತ್ತೀರಿ. ತಲೆ ಓಡಿಸುವ ಕೆಲಸಕ್ಕೆ ದಾಳ ಅದಕ್ಕಿಂತ ಕಡಿಮೆ ಬೀಳಬೇಕು, ಮನಸ್ಸಿನ ಕೆಲಸಕ್ಕೆ ಹೆಚ್ಚು. ಅಷ್ಟೇ ನಿಯಮ. ಅದು ಒಗ್ಗಿದ ಮೇಲೆ ರೆಫರಿ ಆಗುವವರು ಕೆವಿನ್ ಕ್ರಾಫರ್ಡ್ ಅವರ ‘ಸ್ಟಾರ್ಸ್ ವಿತೌಟ್ ನಂಬರ್’ ನೋಡಲಿ. ಅದರ ಉಚಿತ ಪ್ರತಿಯೇ ದೊಡ್ಡದಿದೆ, ಲೋಕ ಕಟ್ಟುವ ಕೋಷ್ಟಕಗಳು ಬೇರೆ ಯಾವ ಆಟ ಆಡಿದರೂ ಕೆಲಸಕ್ಕೆ ಬರುತ್ತವೆ. ಮೊದಲ ದಿನವೇ ಇಡೀ ನಕ್ಷತ್ರಪುಂಜ ಬರೆದಿಟ್ಟುಕೊಳ್ಳಬೇಡಿ. ಒಂದು ಹಡಗು, ಒಂದು ಬಂದರು, ಸಾಲ ಕೊಟ್ಟವನೊಬ್ಬ. ಆಮೇಲಿನದು ಆಟಗಾರರೇ ಮಾಡಿಕೊಳ್ಳುತ್ತಾರೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಯಾವ ಭಾಷೆಯಲ್ಲಿ ಆಡುವುದು? ಪುಸ್ತಕ ಇಂಗ್ಲಿಷಿನದ್ದು, ಹಾಗಾಗಿ ಮನೆಯಲ್ಲಿ ಕನ್ನಡ ಮಾತಾಡುವವರೂ ಮೇಜಿನ ಮುಂದೆ ಕೂತ ತಕ್ಷಣ ಡಬ್ಬಿಂಗ್ ಸಿನಿಮಾದ ಪಾತ್ರಗಳಾಗಿಬಿಡುತ್ತಾರೆ. ಕನ್ನಡದಲ್ಲಿ ಆಡಿ ನೋಡಿ. ‘ಜಂಪ್’, ‘ಲೇಸರ್’, ‘ಕಾರ್ಗೋ’ ಹಾಗೇ ಇರಲಿ, ಅದಕ್ಕೆಲ್ಲ ಸಂಸ್ಕೃತದಲ್ಲಿ ಪದ ಹುಡುಕುತ್ತ ಕೂರಬೇಡಿ. ಪೇಚು ಬೇರೆಯೇ ಇದೆ. ಮೊದಲ ಮಾತಿಗೇ ನೀನೋ ನೀವೋ ಎಂದು ತೀರ್ಮಾನ ಮಾಡಬೇಕು. ಇಂಗ್ಲಿಷಿನಲ್ಲಿ ಈ ಫಜೀತಿ ಇಲ್ಲ, ಅದಕ್ಕೇ ಅಲ್ಲಿ ಈ ಮಜವೂ ಇಲ್ಲ.

ನಮ್ಮ ಹಡಗಿನ ಕ್ಯಾಪ್ಟನ್ನಿಗೆ 38, ಎಂಜಿನಿಯರಿಗೆ 46. ಹುದ್ದೆಯಲ್ಲಿ ಇವಳು ಮೇಲೆ, ವಯಸ್ಸಿನಲ್ಲಿ ಅವನು. ಪ್ರಯಾಣಿಕರ ಎದುರು ಇಬ್ಬರೂ ‘ನೀವು’. ಎಂಜಿನ್ ಕೋಣೆಗೆ ಇಳಿದರೆ ಅವಳು ‘ಅಣ್ಣಾ’ ಅನ್ನುತ್ತಿದ್ದಳು, ಅವನು ಆಗಲೂ ‘ಮೇಡಮ್’ ಬಿಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಆಡುತ್ತಾ ಆಡುತ್ತಾ ಹಾಗೆ ಕೂತುಬಿಟ್ಟಿತು. ಮೂರನೇ ಕಂತು ತಪ್ಪಿದ ರಾತ್ರಿ ಎಂಜಿನಿಯರ್ ಪಾತ್ರದವನು ಪೆನ್ಸಿಲ್ ಕೆಳಗಿಟ್ಟು ಹೇಳಿದ: “ನೋಡವ್ವಾ, ಒಳ್ಳೇ ಇಂಧನಕ್ಕೆ ದುಡ್ಡಿಲ್ಲ ಅಂತ ನೇರ ಹೇಳು. ಅಗ್ಗದ್ದೇ ತುಂಬಿಸ್ತೀನಿ. ದಾರಿ ತಪ್ಪಿದರೆ ಒಟ್ಟಿಗೇ ತಪ್ಪೋಣ.”

ಏಳು ತಿಂಗಳು ಆಡಿದ್ದರಲ್ಲಿ ಅವನು ಏಕವಚನಕ್ಕಿಳಿದದ್ದು ಅದೇ ಮೊದಲು. ಕ್ಯಾಪ್ಟನ್ ಆಡುತ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದಾಳ ಎರಡನ್ನೂ ಅವನ ಕಡೆ ತಳ್ಳಿದಳು.