ಸೀರೆಯ ಜಾಹೀರಾತನ್ನು ಓದುವುದು ಹೇಗೆ: ಗ್ರಾಹಕ ಜಾಗೃತಿ ಟಿಪ್ಪಣಿ

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬರುವ ಬಟ್ಟೆ ಜಾಹೀರಾತು ನಂಬಬಹುದೇ ಎಂದು ಪರೀಕ್ಷಿಸುವವರು ಸಾಮಾನ್ಯವಾಗಿ ತಾಣದ ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಇದೆಯೇ, ಕಾಗುಣಿತ ಸರಿಯಿದೆಯೇ ಎಂದು ಹುಡುಕುತ್ತಾರೆ. ಆ ಬೀಗ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ನೀವು ಕಳುಹಿಸುವ ಮಾಹಿತಿಯನ್ನು ನಡುವೆ ಯಾರೂ ಕದ್ದು ಓದಲಾರರು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕುಳಿತವನೇ ಕಳ್ಳನಾಗಿದ್ದರೆ ಬೀಗ ಏನು ಮಾಡೀತು? ಕಾಗುಣಿತವನ್ನಂತೂ ಯಂತ್ರವೇ ತಿದ್ದಿಕೊಡುತ್ತದೆ. ಆದ್ದರಿಂದ ನಾವು ಬಟ್ಟೆಯಿಂದಲೇ ಶುರು ಮಾಡೋಣ. ಬಟ್ಟೆಯ ಅಸಲು ಎಷ್ಟೆಂದು ಬಲ್ಲವರಿಗೆ ಟೋಪಿ ಹಾಕುವುದು ಸುಲಭವಲ್ಲ.

ಮೊದಲು ಅಸಲಿನ ಲೆಕ್ಕ

ಒಂದು ಮಾದರಿ ಜಾಹೀರಾತು ತೆಗೆದುಕೊಳ್ಳಿ: ‘ಶುದ್ಧ ಮೈಸೂರು ಸಿಲ್ಕ್, ಕೇವಲ 1,499 ರೂ., ಅಂಗಡಿ ಮುಚ್ಚುತ್ತಿರುವುದರಿಂದ ಶೇ 80 ರಿಯಾಯಿತಿ.’ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾದದ್ದು. ಈಗ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. 2005ರಲ್ಲಿ ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತು ಸಿಕ್ಕಿತು. ನಿಗಮದ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಕಚ್ಚಾ ರೇಷ್ಮೆಯ ನೂಲೇ ಕಿಲೋಗೆ ಕೆಲವು ಸಾವಿರ ರೂಪಾಯಿ. ಬೆಳ್ಳಿ, ಬಣ್ಣ, ನೇಕಾರರ ಕೂಲಿ ಎಲ್ಲವನ್ನೂ ಸೇರಿಸಿದರೆ 1,499ಕ್ಕೆ ಅಸಲೂ ಹುಟ್ಟುವುದಿಲ್ಲ. ಮಳಿಗೆಯಲ್ಲಿ ಇಂಥ ಸೀರೆಯ ಬೆಲೆ ಐದಂಕಿ, ಅದಕ್ಕೂ ಬೆಳಗಾಗುವ ಮುನ್ನವೇ ಜನ ಸಾಲು ನಿಂತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಸಾಲು ನಿಂತರೂ ಸಿಗದ ಸರಕನ್ನು ಯಾವ ವ್ಯಾಪಾರಿಯೂ ರಿಯಾಯಿತಿಗೆ ಸುರಿಯುವುದಿಲ್ಲ. ಇಲ್ಲಿಗೇ ಪರೀಕ್ಷೆ ಮುಗಿಯಿತು. ಮುಂದಿನ ಯಾವ ತಪಾಸಣೆಯೂ ಬೇಕಿಲ್ಲ.

ಆದರೆ ಎಲ್ಲ ಜಾಹೀರಾತೂ ಇಷ್ಟು ಮೊದ್ದಾಗಿರುವುದಿಲ್ಲ. ಹೆಚ್ಚು ಜಾಣತನದ ಮೋಸ ನಡುಮಟ್ಟದ ಬೆಲೆಯಲ್ಲಿರುತ್ತದೆ. ‘ಕೈಮಗ್ಗದ ಇಳಕಲ್ ಸೀರೆ, 899 ರೂ.’ ಎಂದಾಗ ಅನುಮಾನ ಅಷ್ಟು ಬೇಗ ಹುಟ್ಟುವುದಿಲ್ಲ. ಇಳಕಲ್ ನೇಯ್ಗೆಯಲ್ಲಿ ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ) ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಬಿಳಿ ವಿನ್ಯಾಸವನ್ನು ಮಗ್ಗದಲ್ಲಿಯೇ ನೇಯುತ್ತಾರೆ. ಮೋಸದ ಅಂಗಡಿಯವರು ಅಸಲಿ ಸೀರೆಯ ಚಿತ್ರ ಹಾಕಿ, ಅದೇ ವಿನ್ಯಾಸವನ್ನು ಪಾಲಿಯೆಸ್ಟರ್ ಮೇಲೆ ಅಚ್ಚು ಹಾಕಿ ಕಳುಹಿಸುತ್ತಾರೆ. ಆದ್ದರಿಂದ ಕೇಳಬೇಕಾದದ್ದು ಸೆರಗಿನ ಹಿಂಭಾಗದ ಮತ್ತು ಒಡಲು, ಸೆರಗು ಕೂಡುವ ಜಾಗದ ವಿಡಿಯೋ. ಅಚ್ಚಾದರೆ ಹಿಂದೆ ಬಣ್ಣ ಪೇಲವವಾಗಿ ಕಾಣುತ್ತದೆ. ನಿಮ್ಮ ಹೆಸರು, ಅಂದಿನ ತಾರೀಖು ಬರೆದ ಚೀಟಿಯನ್ನು ಸೀರೆಯ ಮೇಲಿಟ್ಟು ವಿಡಿಯೋ ಮಾಡಲು ಹೇಳಿ. ಸರಕು ಕೈಯಲ್ಲಿರುವ ವ್ಯಾಪಾರಿಗೆ ಇದು ಎರಡು ನಿಮಿಷದ ಕೆಲಸ. ಕದ್ದ ಚಿತ್ರ ಇಟ್ಟುಕೊಂಡವನು ‘ಮೇಡಂ, ಸ್ಟಾಕ್ ಗೋದಾಮಿನಲ್ಲಿದೆ’ ಎಂದು ಜಾರಿಕೊಳ್ಳುತ್ತಾನೆ.

ರೇಷ್ಮೆಯೆಂದು ಹೇಳಿಕೊಂಡರೆ ಸಿಲ್ಕ್ ಮಾರ್ಕ್ ಲೇಬಲ್ಲನ್ನೂ ಹತ್ತಿರದಿಂದ ತೋರಿಸಲು ಕೇಳಬಹುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ ಬೆಳೆಸಿದ ಗುರುತು ಅದು. ಜಾಹೀರಾತಿನ ಮೂಲೆಯಲ್ಲಿ ಆ ಮುದ್ರೆಯ ಚಿತ್ರ ಅಂಟಿಸಿದ್ದರೆ ಅದಕ್ಕೆ ಕಾಸಿನ ಬೆಲೆಯಿಲ್ಲ. ಲೇಬಲ್ ಸೀರೆಯ ಮೇಲಿರಬೇಕು.

ಅಂಗಡಿಯ ಹಿಂದೆ ಯಾರು?

ಫೇಸ್‌ಬುಕ್ ಪುಟದಲ್ಲಿ ‘ಪುಟದ ಪಾರದರ್ಶಕತೆ’ ಎಂಬ ಭಾಗವಿದೆ, ತೆರೆದು ನೋಡುವವರು ಕಡಿಮೆ. ಪುಟ ಎಂದು ಶುರುವಾಯಿತು, ಹೆಸರು ಎಷ್ಟು ಸಲ ಬದಲಾಯಿತು, ನಡೆಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಅಲ್ಲಿ ಸಿಗುತ್ತದೆ. ಅಡುಗೆ ವಿಡಿಯೋಗಳ ಪುಟ ಹೋದ ತಿಂಗಳು ಸೀರೆ ಅಂಗಡಿಯಾಗಿ ಮಾರ್ಪಟ್ಟಿದ್ದರೆ, ಅದರ ಅನುಯಾಯಿಗಳ ಸಂಖ್ಯೆ ಸೀರೆಗೆ ಸಿಕ್ಕ ಮೆಚ್ಚುಗೆಯಲ್ಲ. ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯ ‘ಆ್ಯಡ್ ಲೈಬ್ರರಿ’ಯಲ್ಲಿ ಪುಟದ ಹೆಸರು ಹಾಕಿದರೆ ಆ ಪುಟದ ಚಾಲ್ತಿಯಲ್ಲಿರುವ ಜಾಹೀರಾತುಗಳೆಲ್ಲ ಕಾಣುತ್ತವೆ.

ತಾಣದಲ್ಲಿ ‘ಕೊನೆಯ 3 ಸೀರೆ’, ‘14 ನಿಮಿಷದಲ್ಲಿ ಕೊಡುಗೆ ಮುಕ್ತಾಯ’ ಎಂದು ಗಡಿಯಾರ ಓಡುತ್ತಿದ್ದರೆ ಪುಟವನ್ನು ಮರುಲೋಡ್ ಮಾಡಿ. ಗಡಿಯಾರ ಮತ್ತೆ ಮೊದಲಿನಿಂದ ಓಡಿದರೆ ಅದು ನಾಟಕ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಬಗೆಯ ಮರುಳುಗೊಳಿಸುವ ತಂತ್ರಗಳಲ್ಲಿ ಸುಳ್ಳು ಅವಸರವೂ ಒಂದು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ತಾಣದಲ್ಲಿ ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಕುಂದುಕೊರತೆ ಅಧಿಕಾರಿಯ ಹೆಸರು ಇರಲೇಬೇಕು. ದೂರು ಬಂದುದನ್ನು ಆ ಅಧಿಕಾರಿ 48 ಗಂಟೆಯೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ‘ಚಿಕ್ಕಪೇಟೆ, ಬೆಂಗಳೂರು’ ಎಂದಷ್ಟೇ ಬರೆದರೆ ಅದು ವಿಳಾಸವಲ್ಲ. ಆ ಗಲ್ಲಿಗಳಲ್ಲಿ ಸೀರೆ ಅಂಗಡಿಗಳಿಗೆ ಲೆಕ್ಕವುಂಟೇ? ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದು 15 ಅಕ್ಷರ, ಅಂಕೆಗಳದ್ದಾಗಿರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಾಯಿತ ಹೆಸರು ಉಚಿತವಾಗಿ ಸಿಗುತ್ತದೆ. ಅಂಗಡಿ ಸೀರೆಯದು, ನೋಂದಣಿ ಸಿಮೆಂಟ್ ವ್ಯಾಪಾರಿಯದು ಎಂದಾದರೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಮನೆಯಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಮಾರುವ ಎಷ್ಟೋ ಮಹಿಳೆಯರಿಗೆ ವಹಿವಾಟು ಚಿಕ್ಕದಾದ್ದರಿಂದ ಜಿಎಸ್‌ಟಿ ನೋಂದಣಿಯೂ ಇರುವುದಿಲ್ಲ, ಸ್ವಂತ ತಾಣವೂ ಇರುವುದಿಲ್ಲ. ಜಿಮೇಲ್ ವಿಳಾಸ ಕಂಡ ಕೂಡಲೇ ಕಳ್ಳರೆಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ. ಅಂಥವರನ್ನು ಅಳೆಯಲು ಮೇಲೆ ಹೇಳಿದ ಚೀಟಿಯ ವಿಡಿಯೋ ಸಾಕು. ಬೇಕಿದ್ದರೆ ವಿಡಿಯೋ ಕರೆಯಲ್ಲೇ ಸೀರೆ ತೋರಿಸುತ್ತಾರೆ.

ಹಣ ಕೊಡುವಾಗ, ಕೊಟ್ಟ ಮೇಲೆ

‘ಕ್ಯಾಷ್ ಆನ್ ಡೆಲಿವರಿ ಇದ್ದರೆ ಭಯವಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಪಾರ್ಸೆಲ್ ತಂದವರು ಸಾಮಾನ್ಯವಾಗಿ ಹಣ ಪಡೆದ ಮೇಲೆಯೇ ಅದನ್ನು ಕೈಗಿಡುತ್ತಾರೆ; ಒಳಗೆ ಹಳೆಯ ಬಟ್ಟೆಯಿದ್ದರೂ ಅವರಿಗೆ ಸಂಬಂಧವಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ವ್ಯವಹಾರದ ಬಗ್ಗೆ ಬ್ಯಾಂಕಿನಲ್ಲಿ ತಕರಾರು ಎತ್ತಲು ದಾರಿಯಿದೆ. ಯಾರದೋ ವೈಯಕ್ತಿಕ ಯುಪಿಐಗೆ ಹಾಕಿದ ಹಣ ಮರಳಿ ಪಡೆಯುವುದು ಕಷ್ಟ. ದೂರು ಹೇಳಿಕೊಂಡ ಬಳಿಕ ‘ಹಣ ವಾಪಸ್ ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂಬ ಕರೆ ಬಂದರೆ ಅದು ಎರಡನೆಯ ಸುಲಿಗೆ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಹಣ ಹೋಗಿ ಅಂಗಡಿಯೇ ಮಾಯವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಂಗಡಿಯಿದೆ, ಸರಕು ಮಾತ್ರ ಕಳಪೆ ಎಂದಾದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ನಿಮ್ಮದೇ ಊರಿನ ಜಿಲ್ಲಾ ಗ್ರಾಹಕರ ಆಯೋಗ: ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ದೂರಿಗೆ 2 ವರ್ಷ ಕಾಲಾವಕಾಶವಿದೆ. ಈ ಎಲ್ಲ ಕಡೆ ಕೇಳುವುದು ಜಾಹೀರಾತಿನ ಸ್ಕ್ರೀನ್‌ಶಾಟ್, ಪಾವತಿಯ ವಹಿವಾಟು ಸಂಖ್ಯೆ, ಪಾರ್ಸೆಲ್ ಮೇಲಿನ ಕಳುಹಿಸಿದವರ ಚೀಟಿ. ಜಾಹೀರಾತು ನಾಳೆ ಇರುತ್ತದೆಂಬ ಖಾತರಿಯಿಲ್ಲದ್ದರಿಂದ ಸ್ಕ್ರೀನ್‌ಶಾಟನ್ನು ಹಣ ಕಟ್ಟುವ ಮೊದಲೇ ತೆಗೆದಿಡಿ.