ಪದ ಪರಿಚಯ: ಗಾಳಿಯದು ಪ್ರತಿರೋಧ, ಘರ್ಷಣೆಯಲ್ಲ

ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮೊನ್ನೆ ಮತ್ತೆ ಅದೇ ಮಾತು ಕಿವಿಗೆ ಬಿತ್ತು: ಮೇಣದ ಪಾಲಿಶ್ ಹಾಕಿಸಿದರೆ ‘ಗಾಳಿಯ ಘರ್ಷಣೆ’ ತಗ್ಗಿ, ರೇಸಿನಲ್ಲಿ ಕಾರು ಇನ್ನಷ್ಟು ಓಡುತ್ತದಂತೆ. ಹೇಳುವವರ ಉದ್ದೇಶ ಅರ್ಥವಾಗುತ್ತದೆ. ಆದರೆ ಪದ ತಪ್ಪಿದ್ದರಿಂದ ದುಡ್ಡು ಸುರಿಯುವ ಜಾಗವೂ ತಪ್ಪುತ್ತಿದೆ.

‘ಘರ್ಷಣೆ’ಯ ಮೂಲ ಸಂಸ್ಕೃತದ ‘ಘೃಷ್’ ಧಾತು. ಉಜ್ಜುವುದು, ತೇಯುವುದು ಎಂದು ಅದರ ಅರ್ಥ. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವಾಗ ಇರುವುದು ಘರ್ಷಣೆ, ಬ್ರೇಕ್ ಪ್ಯಾಡು ಡಿಸ್ಕನ್ನು ಹಿಡಿದಾಗ ಇರುವುದೂ ಅದೇ. ‘ಪ್ರತಿರೋಧ’ದಲ್ಲಿರುವುದು ‘ರುಧ್’ ಎಂಬ ಬೇರೆಯೇ ಧಾತು, ಅಂದರೆ ತಡೆಯುವುದು, ಅಡ್ಡಗಟ್ಟುವುದು. ವಿರೋಧ, ನಿರೋಧ, ಅವರೋಧಗಳೆಲ್ಲ ಇದರ ಬಳಗ. ಗಾಳಿ ಕಾರಿನ ಮೈಯನ್ನು ಉಜ್ಜಿಕೊಂಡು ಸಾಗುವುದು ಸುಳ್ಳಲ್ಲವಾದರೂ ಒಟ್ಟು ತಡೆಯಲ್ಲಿ ಅದರ ಪಾಲು ಸಣ್ಣದು. ಮೂತಿಯ ಮುಂದೆ ಒತ್ತಡ ಏರಿ, ಬೆನ್ನ ಹಿಂದೆ ಗಾಳಿ ಮತ್ತೆ ಕೂಡಿಕೊಳ್ಳಲಾರದೆ ಸುಳಿಯಾಗಿ ಒತ್ತಡ ಇಳಿದಾಗ, ಈ ಎರಡರ ನಡುವಿನ ವ್ಯತ್ಯಾಸವೇ ಕಾರನ್ನು ಹಿಂದಕ್ಕೆ ನೂಕುತ್ತದೆ. ಸಿಟಿ ಬಸ್ಸೊಂದು ರಭಸದಿಂದ ಹಾದುಹೋದಾಗ ಅದರ ಬೆನ್ನಿಗೇ ಎದ್ದು ಓಡುವ ತರಗೆಲೆಗಳನ್ನು ನೋಡಿದವರಿಗೆ ಆ ಸುಳಿಯ ಪರಿಚಯವಿದೆ. ಅದನ್ನು ಯಾವ ಪಾಲಿಶೂ ಒರೆಸಿ ತೆಗೆಯಲಾರದು.

ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿಯೂ ಏರುತ್ತದೆ. ಸಾಧಾರಣ ಹ್ಯಾಚ್‌ಬ್ಯಾಕ್ ಒಂದಕ್ಕೆ ನಾನು ಹಾಕಿದ ಸ್ಥೂಲ ಲೆಕ್ಕದಲ್ಲಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಗೆಂದು ತೆರಬೇಕಾದದ್ದು 3 ಅಶ್ವಶಕ್ತಿಗೂ ಕಡಿಮೆ, 100ರಲ್ಲಿ ಸುಮಾರು 12, 150ರಲ್ಲಿ ಸುಮಾರು 40, 200ರಲ್ಲಿ 100ರ ಆಸುಪಾಸು. ಹಾಗಿರುವಾಗ ವೇಗ ಹೆಚ್ಚೇನೂ ಏರದ, ಊರಾಚೆಯ ಮಣ್ಣಿನ ಹಾದಿಯ ಆಟೋಕ್ರಾಸ್ ಓಟಕ್ಕೆ ಹೋಗುವ ಕಾರಿನ ಬೆನ್ನಿಗೆ ಆಳೆತ್ತರದ ರೆಕ್ಕೆ ಕಟ್ಟುವುದು ಅಲಂಕಾರವೇ ಹೊರತು ಬೇರೇನಲ್ಲ. ರೆಕ್ಕೆಯ ಕೆಲಸ ಕಾರನ್ನು ನೆಲಕ್ಕೆ ಒತ್ತುವುದು, ಅದಕ್ಕೆ ಅದು ವಸೂಲು ಮಾಡುವ ಬೆಲೆಯೇ ಪ್ರತಿರೋಧ. ‘ಗಾಳಿಯನ್ನು ಸೀಳಲು’ ರೆಕ್ಕೆ ಬೇಕೆನ್ನುವವರು ಎರಡನ್ನೂ ತಿರುಗುಮುರುಗು ಮಾಡಿಕೊಂಡಿದ್ದಾರೆ. ಹಿಂದಿನ ಸೀಟು ಕಿತ್ತು ತೂಕ ಇಳಿಸಿದರೆ ತಿರುವಿನಿಂದ ಹೊರಬರುವಾಗ ಲಾಭವುಂಟು. ಆದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ನೇರ ಹಾದಿಯ ತುದಿಯಲ್ಲಿ ಕಾರನ್ನು ಮುಖ್ಯವಾಗಿ ಹಿಡಿದಿಡುವುದು ತೂಕವಲ್ಲ, ಗಾಳಿ.

ಬೆಂಗಳೂರಿನವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಅಷ್ಟೇ ಉಷ್ಣತೆಯ ಕರಾವಳಿಯ ಗಾಳಿಗಿಂತ ಇಲ್ಲಿನ ಗಾಳಿ ಸುಮಾರು ಶೇ. 10ರಷ್ಟು ತೆಳು. ತಡೆ ಕಡಿಮೆಯಾದ್ದರಿಂದ ಇಲ್ಲಿ ಕಾರು ಹೆಚ್ಚು ವೇಗ ಮುಟ್ಟಬೇಕಲ್ಲ ಎನ್ನುವವರು, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಎಂಜಿನ್ನು ಉಸಿರಾಡುವುದೂ ಅದೇ ತೆಳು ಗಾಳಿಯನ್ನು ಎಂಬುದನ್ನು ಮರೆಯುತ್ತಾರೆ: ತಡೆ ಇಳಿದಷ್ಟೇ ಶಕ್ತಿಯೂ ಇಳಿಯುವುದರಿಂದ ಗರಿಷ್ಠ ವೇಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಓಟದ ಚುರುಕು ಮಾತ್ರ ಮಂಕಾಗುತ್ತದೆ. ಟರ್ಬೊ ಇದ್ದವರ ಲೆಕ್ಕ ಬೇರೆ.

ರೇಸಿನವರ ಬಾಯಲ್ಲಿರುವ ‘ಟೋ ಸಿಕ್ಕಿತು’ ಎಂಬ ಮಾತೂ ಇದೇ ಸುಳಿಯ ಫಲ. ಮುಂದಿನ ಕಾರು ಹಗ್ಗ ಕಟ್ಟಿ ಎಳೆಯುತ್ತಿದೆ ಎಂಬಂತೆ ಅದು ಕೇಳಿಸುತ್ತದೆ. ನಿಜಕ್ಕೂ ನಡೆಯುವುದಿಷ್ಟೇ: ಅದು ತೆರವು ಮಾಡಿಟ್ಟ ಕಡಿಮೆ ಒತ್ತಡದ ಓಣಿಯಲ್ಲಿ ಹಿಂದಿನ ಕಾರಿನ ಮೂತಿಗೆ ಎದುರಾಗುವ ತಡೆ ತಗ್ಗಿರುತ್ತದೆ. ಚಕ್ರಗಳು ಹೊರಗಿರುವ ಫಾರ್ಮುಲಾ ಕಾರುಗಳಿಗೆ ಗಾಳಿಯ ತಡೆ ವಿಪರೀತವಾದ್ದರಿಂದ ಅಲ್ಲಿ ಈ ಓಣಿಯ ಬೆಲೆ ಹೆಚ್ಚು. ಹಿಂದಿಕ್ಕಲೆಂದು ಪಕ್ಕಕ್ಕೆ ಸರಿದೊಡನೆ ಆ ತಡೆ ಪೂರ್ತಿಯಾಗಿ ಮತ್ತೆ ಮೂತಿಗೆ ಬಡಿಯುತ್ತದೆ.