ಸೆವೆನ್ಸ್: ಏಳು ಜನ, ಏಳು ನಿಮಿಷ, ಇಡೀ ಮೈದಾನ

ಪೆಸಿಫಿಕ್ ಸಾಗರದ ದ್ವೀಪದೇಶ ತುವಾಲುವಿನ ಒಟ್ಟು ನೆಲ 26 ಚದರ ಕಿಲೋಮೀಟರ್. ಜನ ಸುಮಾರು 11 ಸಾವಿರ. ಅದರ ರಾಜಧಾನಿ ಫುನಾಫುಟಿಯಲ್ಲಿ ಸಂಜೆ ವಿಮಾನವಿಲ್ಲದ ಹೊತ್ತಿಗೆ ಹುಡುಗರು ರನ್‌ವೇ ಮೇಲೆಯೇ ಆಟಕ್ಕಿಳಿಯುತ್ತಾರೆ. ಅಷ್ಟು ದೊಡ್ಡ ಬಯಲು ಅಲ್ಲಿ ಬೇರೆ ಎಲ್ಲಿದೆ? ಇಷ್ಟು ಪುಟ್ಟ ದೇಶವೂ ಆ ಸಾಗರದ ದ್ವೀಪಗಳ ಕ್ರೀಡಾಕೂಟವಾದ ಪೆಸಿಫಿಕ್ ಗೇಮ್ಸ್‌ನಲ್ಲಿ ರಗ್ಬಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಆಡಿದೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು ರಗ್ಬಿಯ ಚುಟುಕು ರೂಪ ‘ಸೆವೆನ್ಸ್’.

ಹೆಸರಲ್ಲೇ ಲೆಕ್ಕ ಇದೆ. ಒಂದು ಕಡೆಗೆ ಏಳು ಜನ, ಏಳೇಳು ನಿಮಿಷದ ಎರಡು ಅವಧಿ. ಹಳೆಯ ರಗ್ಬಿಯಲ್ಲಿ ಹದಿನೈದು ಜನ 80 ನಿಮಿಷ ಆಡುತ್ತಾರೆ. ಇಲ್ಲಿ ಐದು ಬದಲಿ ಆಟಗಾರರೂ ಸೇರಿ ತಂಡಕ್ಕೆ ಹನ್ನೆರಡು ಜನ ಸಾಕು. ನಮ್ಮ ಕಬಡ್ಡಿಯ ಲೆಕ್ಕವೂ ಇದೇ ಅಲ್ವಾ? ಆದರೆ ಸೆವೆನ್ಸ್‌ನಲ್ಲಿ ಮೈದಾನ ಮಾತ್ರ ಚಿಕ್ಕದಾಗಿಲ್ಲ. ಹದಿನೈದು ಜನ ಕಾಯುವ ಜಾಗವನ್ನು ಏಳು ಜನ ಕಾಯಬೇಕು. ಹಾಗಾಗಿ ಎಲ್ಲೆಲ್ಲೂ ಸಂದು. ಒಬ್ಬ ತಪ್ಪಿಸಿಕೊಂಡರೆ ಅವನನ್ನು ಹಿಡಿಯುವವರೇ ಇರುವುದಿಲ್ಲ.

ಜೊತೆಗೆ ತಿಳಿಯಬೇಕಾದ ಇನ್ನೊಂದು ಪದ ‘ಟ್ರೈ’. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಗೆದ್ದದ್ದಕ್ಕೆ ‘ಪ್ರಯತ್ನ’ ಅಂತ ಯಾಕೆ ಹೆಸರು? ಮೊದಲು ಚೆಂಡು ಒತ್ತಿದ್ದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ಒಂದು ಪ್ರಯತ್ನದ ಅವಕಾಶ ಸಿಗುತ್ತಿತ್ತು, ಅಷ್ಟೇ. ಆ ಒದೆತ ಈಗಲೂ ಇದೆ, ಅದಕ್ಕೆ ಎರಡು ಅಂಕ.

ಸೆವೆನ್ಸ್ ಹುಟ್ಟಿದ್ದು ದ್ವೀಪಗಳಲ್ಲಲ್ಲ, ಸ್ಕಾಟ್‌ಲೆಂಡಿನ ಮೆಲ್ರೋಸ್ ಊರಿನಲ್ಲಿ, 1883ರಲ್ಲಿ. ಅಲ್ಲಿನ ಕ್ಲಬ್ಬಿಗೆ ಹಣ ಬೇಕಿತ್ತು. ಒಂದೇ ಮಧ್ಯಾಹ್ನ ಹಲವು ಪಂದ್ಯ ಆಡಿಸಬೇಕೆಂದರೆ ಜನ, ಸಮಯ ಎರಡನ್ನೂ ಕಡಿಮೆ ಮಾಡಬೇಕು ಎಂದು ನೆಡ್ ಹೇಗ್ ಎಂಬ ಮಾಂಸದ ವ್ಯಾಪಾರಿ ಹೇಳಿದ. ಸ್ಕಾಟ್‌ಲೆಂಡಿನ ಆ ಲೆಕ್ಕಾಚಾರ ಕೊನೆಗೆ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದದ್ದು ಪೆಸಿಫಿಕ್‌ನ ದ್ವೀಪಗಳಿಗೆ.

ಪೆಸಿಫಿಕ್ ಗೇಮ್ಸ್ ಶುರುವಾದದ್ದು 1963ರಲ್ಲಿ, ಫಿಜಿಯ ಸುವಾ ನಗರದಲ್ಲಿ. ಆಗ ಅದರ ಹೆಸರು ದಕ್ಷಿಣ ಪೆಸಿಫಿಕ್ ಗೇಮ್ಸ್. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಸಾಲೊಮನ್ ದ್ವೀಪಗಳ ಹೊನಿಯಾರಾದಲ್ಲಿ ನಡೆಯಿತು. ಮೊದಲು ಈ ಗೇಮ್ಸ್‌ನಲ್ಲಿ ಹದಿನೈದು ಜನರ ರಗ್ಬಿ ಇತ್ತು. ಸೆವೆನ್ಸ್ ಬಂದದ್ದು 1999ರಲ್ಲಿ, ಗುವಾಮ್ ಕೂಟದಲ್ಲಿ. ಪುಟ್ಟ ದೇಶಕ್ಕೆ ಈ ಬದಲಾವಣೆ ಎಷ್ಟು ದೊಡ್ಡದು ಯೋಚಿಸಿ. ಸಾಗರ ದಾಟಿ ಹೋಗಬೇಕಾದಾಗ ಪ್ರತಿಯೊಂದು ವಿಮಾನ ಟಿಕೆಟ್ಟೂ ಭಾರವೇ. ಹದಿನೈದು ಜನ ಗಟ್ಟಿಗರನ್ನು ಹುಡುಕುವುದು ಇನ್ನೂ ಕಷ್ಟ. ಏಳು ಜನ ಓಟಗಾರರು ಒಂದೇ ಹಳ್ಳಿಯಲ್ಲೂ ಸಿಗಬಹುದು. ತುವಾಲು ಎದುರು ಫಿಜಿ ಬಂದರೆ ಅಂಕಗಳ ಅಂತರ ದೊಡ್ಡದೇ ಇರುತ್ತದೆ. ಆದರೂ ಒಲಿಂಪಿಕ್ ಚಿನ್ನ ಗೆದ್ದ ದೇಶದ ಜೊತೆ ಅದೇ ಮೈದಾನದಲ್ಲಿ ಓಡುವ ಅವಕಾಶ ಇಂಥ ಹುಡುಗರಿಗೆ ಬೇರೆಲ್ಲಿ ಸಿಕ್ಕೀತು? ನನಗೆ ಈ ಕೂಟದಲ್ಲಿ ಪದಕಪಟ್ಟಿಗಿಂತ ಇದೇ ಜಾಸ್ತಿ ಇಷ್ಟ.

ಫಿಜಿಯ ಆಟ ನೋಡಿದರೆ ‘ಆಫ್‌ಲೋಡ್’ ಎಂಬ ಪದವೂ ಅರ್ಥವಾಗುತ್ತದೆ. ಎದುರಾಳಿ ಸೊಂಟ ಹಿಡಿದು ಕೆಡವುತ್ತಿರುವಾಗಲೇ, ಬೀಳುತ್ತಲೇ, ಒಂದು ಕೈಯಲ್ಲಿ ಚೆಂಡನ್ನು ಹಿಂದೆ ಬರುವವನಿಗೆ ದಾಟಿಸುವುದು. ಜೊತೆಗಾರ ಅಲ್ಲಿ ಬಂದೇ ಬರುತ್ತಾನೆ ಎಂಬ ನಂಬಿಕೆ ಇಲ್ಲದಿದ್ದರೆ ಇದು ಆಗುವುದಿಲ್ಲ.

ಫಿಜಿ 1956ರಿಂದಲೂ ಒಲಿಂಪಿಕ್ಸ್‌ಗೆ ಹೋಗುತ್ತಿತ್ತು, ಒಂದು ಪದಕವೂ ಸಿಕ್ಕಿರಲಿಲ್ಲ. 2016ರಲ್ಲಿ ರಿಯೋದಲ್ಲಿ ಸೆವೆನ್ಸ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂತು. ಫೈನಲ್‌ನಲ್ಲಿ ಎದುರಿಗಿದ್ದದ್ದು ಗ್ರೇಟ್ ಬ್ರಿಟನ್, 1970ರವರೆಗೆ ಫಿಜಿಯನ್ನು ಆಳಿದ ದೇಶ. ಫಿಜಿ 43–7ರಿಂದ ಗೆದ್ದಿತು. ಮರುವರ್ಷ ಅಲ್ಲಿನ ರಿಸರ್ವ್ ಬ್ಯಾಂಕ್ ಆ ತಂಡದ ಗೌರವಕ್ಕೆ ಹೊಸದೊಂದು ನೋಟು ಹೊರತಂದಿತು. ಅದರ ಬೆಲೆ ಏಳು ಡಾಲರ್.